ಒಂದೇ ಸಲ ಕೇಳುವ ಊರಿನಿಂದ

ಕೆಮಿ, ಫಿನ್ಲೆಂಡ್
ಬುಧವಾರ, ೧೩ ಫೆಬ್ರುವರಿ ೨೦೧೯

ಪ್ರೀತಿಯ ಅಮ್ಮಾ,

ಮೊದಲು ಕೈ ಕೊಡು, ಹಣೆಗೆ ಒತ್ತಿಕೊಳ್ಳುತ್ತೇನೆ. ಆಶೀರ್ವಾದ ಸಿಕ್ಕಿತೆಂದು ತಿಳಿದು ಮುಂದುವರಿಯುತ್ತೇನೆ. ಜಗಳ ಆಮೇಲೆ ಇದ್ದೇ ಇದೆ. ನಿನ್ನ ಮಂಡಿ ಹೇಗಿದೆ? ನೀನು ಕಳಿಸಿದ ಚೀಟಿಯಲ್ಲಿ ಮಂಡಿಯ ಸುದ್ದಿಯೇ ಇರಲಿಲ್ಲ, ಅಂದರೆ ನೋವು ಹೆಚ್ಚಾಗಿದೆ. ನೋವು ಕಡಿಮೆ ಇದ್ದಾಗಲೇ ಅದರ ಬಗ್ಗೆ ಎರಡು ಪುಟ ಬರೆಯುವವಳು ನೀನು. ರಕ್ತದೊತ್ತಡದ ಮಾತ್ರೆಯನ್ನು ನೆಂಟರು ಬಂದಾಗ ಮಾತ್ರ, ಅವರಿಗೆಲ್ಲ ಕಾಣುವಂತೆ ಕತ್ತೆತ್ತಿ ನುಂಗುವ ಅಭ್ಯಾಸ ಬಿಟ್ಟೆಯಾ? ಬೆಳ್ಳುಳ್ಳಿ ಗೊಂಚಲು ತೂಗುಹಾಕಲು ಅಟ್ಟಕ್ಕೆ ನೀನೇ ಹತ್ತುತ್ತೀಯೆಂದು ಅಣ್ಣ ಕ್ವಿರಿನೊ ಚಾಡಿ ಹೇಳಿದ. ಎಪ್ಪತ್ತು ವರ್ಷದ ರಾಣಿಯರು ಏಣಿ ಹತ್ತಬಾರದು. ನನ್ನ ಬಗ್ಗೆ ಕೇಳುವೆಯಾದರೆ, ಮೂಗು ಇನ್ನೂ ಮುಖದ ಮೇಲೇ ಇದೆ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ರೆಪ್ಪೆಗೆ ರೆಪ್ಪೆ ಅಂಟಿಕೊಳ್ಳುತ್ತದೆ. ಆದರೂ ಆರೋಗ್ಯ ಗುಂಡುಕಲ್ಲಿನಂತಿದೆ, ದೃಷ್ಟಿ ತೆಗೆದುಹಾಕು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನನ್ನು ಗೆದ್ದವರುಂಟೇ? ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಎದೆ ಹಿಡಿದುಕೊಂಡು ಮಂಚಕ್ಕೆ ಒರಗುತ್ತೀಯೆ, ಅಣ್ಣ ಪರದೆ ಎಳೆದ ಹಾಗೆ ಫೋನು ಕಟ್ ಮಾಡುತ್ತಾನೆ. ಪತ್ರದ ಮುಂದೆ ಮೂರ್ಛೆ ಹೋಗಿ ಪ್ರಯೋಜನವಿಲ್ಲ ಅಮ್ಮಾ. ಎದ್ದ ಮೇಲೂ ಅದು ಅಲ್ಲೇ ಇರುತ್ತದೆ. ಆದ್ದರಿಂದ ಕುಳಿತುಕೋ. ಮಂಡಿಯ ಕೆಳಗೆ ದಿಂಬು ಇಟ್ಟುಕೋ. ನಿನ್ನ ಮಗಳು ಮಾಕ್ಸಿಮಾ ರಂಗಕ್ಕೆ ಬರುತ್ತಿದ್ದಾಳೆ, ದಾರಿ ಬಿಡಿ!

ಕಿರೀಟ ಬಂತು. ನನ್ನ ಜೊತೆ ಕೆಲಸ ಮಾಡುವ, ನಮ್ಮ ಪಕ್ಕದೂರು ಬತಾಕಿನ ರೋದಾ ಅಕ್ಕ ರಜೆ ಮುಗಿಸಿ ಭಾನುವಾರ ಬಂದಳು. ತನ್ನ ಪೆಟ್ಟಿಗೆಯಿಂದ ಹಳೇ ಪೇಪರಿನ ಗಂಟು ತೆಗೆದು, 'ನಿಮ್ಮಮ್ಮ ಇದನ್ನ ನನ್ನ ಕೈಗೆ ಕೊಡೋವಾಗ ಬ್ಯಾಂಡ್‌ನೋರನ್ನ ಕರೆಸೋದೊಂದೇ ಬಾಕಿ ಕಣೇ, ವಿಮಾನ ನಿಲ್ದಾಣದಲ್ಲಿ ಇದನ್ನ ಏನು ಅಂತ ಹೇಳ್ಲಿ, ಮೂರು ಸಲ ಬಿಚ್ಚಿಸಿದ್ರು' ಎಂದು ಗೊಣಗುತ್ತ ಕೊಟ್ಟಳು. ಬಿಚ್ಚಿದರೆ ನಮ್ಮ ಹಬ್ಬದ ನಾಟಕದ ರಾಣಿ ಅರ್ಮೆಲಿಂದಳ ತಗಡಿನ ಕಿರೀಟ! ಮೂವತ್ತೊಂದು ಹಬ್ಬಗಳಲ್ಲಿ ನಿನ್ನ ತಲೆಯ ಮೇಲೆ ಮೆರೆದದ್ದು. ಕೆಂಪು ಗಾಜಿನ ಹರಳು, ಹಿಂಬದಿಯಲ್ಲಿ ನಿನ್ನ ಕೂದಲಿನ ಎಣ್ಣೆಯ ಕಪ್ಪು. ಜೊತೆಗೆ ನನ್ನ ಮುದ್ದಿನ ಹೆಸರು ಹಿಡಿದು ಬರೆದ ನಿನ್ನ ಚೀಟಿ: 'ಸಿಮಾಂಗ್, ಮೇ ನಾಲ್ಕಕ್ಕೆ ಸಂತನ ಹಬ್ಬ. ಈ ಸಲ ರಾಣಿ ನೀನೇ, ಮರಿಯಮ್ಮನ ಆಣೆ. ಆದ್ರೆ ರಜಾ ಹಾಕ್ಕೊಂಡು ಬರೋ ನೆಂಟರ ತಲೆಗಲ್ಲ ಇದು. ಬಂದ್ರೆ ಬಂದೇ ಬಿಡ್ಬೇಕು.'

ಆ ಕಿರೀಟ ಈಗ ನನ್ನ ಊಟದ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಗದ: ನಾನು ಕೆಲಸ ಮಾಡುವ ವೃದ್ಧರ ಮನೆಯ ಕಾಯಂ ನೌಕರಿಯ ಕರಾರು, ಮೇ ಒಂದರಿಂದ. ನಾಡಿದ್ದು ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಸಹಿ ಹಾಕದಿದ್ದರೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತದೆ. ಹಳೆಯ ಕರಾರು ಏಪ್ರಿಲ್ ಕೊನೆಗೆ ಮುಗಿಯುತ್ತದೆ, ಅದರ ಜೊತೆಗೇ ಈ ದೇಶದಲ್ಲಿರುವ ನನ್ನ ಪರವಾನಗಿಯೂ. ಸಹಿ ಹಾಕಿದರೆ ಆಗಸ್ಟಿನವರೆಗೆ ರಜೆಯ ಮಾತೇ ಇಲ್ಲ. ನಡುದಾರಿ ಹುಡುಕಿದೆ ಅಮ್ಮಾ, ಸಿಗಲಿಲ್ಲ. ನಮ್ಮ ನಾಟಕಗಳಲ್ಲಿ ಎರಡು ರಾಜ್ಯಗಳ ನಡುವೆ ನಡುದಾರಿ ಎಲ್ಲಿರುತ್ತದೆ? ಬ್ಯಾಂಡು ಬಾರಿಸಿದ ಮೇಲೆ ಆ ಕಡೆ ಇಲ್ಲವೇ ಈ ಕಡೆ ನಿಲ್ಲಲೇಬೇಕು.

ನಾನು ಊರು ಬಿಟ್ಟ ದಿನ ನೆನಪಿದೆಯಾ? ಲಾವೊವಾಗ್ ಬಸ್ ನಿಲ್ದಾಣದಲ್ಲಿ ನೀನು ಮೂರು ಸಲ ಮೂರ್ಛೆ ಹೋದೆ. ಮೊದಲನೆಯದು ಚಿಕ್ಕಮ್ಮಂದಿರಿಗೆ. ಎರಡನೆಯದು ತಡವಾಗಿ ಬಂದ ಚಿಕ್ಕಮ್ಮನಿಗೆ, ಪಾಪ ಅವಳು ಮೊದಲನೆಯದನ್ನು ನೋಡಿರಲಿಲ್ಲವಲ್ಲ. ಮೂರನೆಯದು ಬಸ್ಸು ಹೊರಟ ಮೇಲೆ. ಡ್ರೈವರನೇ ಇಳಿದು ಬಂದು ಟೋಪಿಯಿಂದ ಗಾಳಿ ಹಾಕಿದ. ಕಿಟಕಿಯಲ್ಲಿ ಕುಳಿತು ನಾನು ಅಳುತ್ತಲೇ ಮನಸ್ಸಿನಲ್ಲಿ ಚಪ್ಪಾಳೆ ತಟ್ಟಿದೆ, ಯಾಕೆಂದರೆ ಮೂರನೆಯದು ಅದ್ಭುತವಾಗಿತ್ತು, ನೀನು ನೆಲದ ಮೇಲೆ ಪೇಪರು ಹಾಸಿದ್ದ ಜಾಗ ನೋಡಿಕೊಂಡೇ ಬಿದ್ದೆ. ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು, 'ಮೂರು ತಿಂಗಳು! ಮೂರೇ ತಿಂಗಳು! ಮೂಗು ಒರೆಸ್ಕೊಂಡು ಓಡಿ ಬರ್ತಾಳೆ, ನೋಡ್ತಾ ಇರಿ' ಎಂದೆ. ಆಗಿ ಎರಡು ವರ್ಷ ಒಂದು ತಿಂಗಳಾಯಿತು. ಮೂಗು ಒರೆಸಿಕೊಂಡದ್ದು ನಿಜ, ಓಡಿ ಬಂದದ್ದು ಸುಳ್ಳು.

ಪಾದ್ರಿಗಳು ಪ್ರತಿ ಕ್ರಿಸ್‌ಮಸ್‌ಗೆ ಪ್ರಸಂಗದಲ್ಲಿ ನನ್ನ ಹೆಸರು ಹೇಳಿ, ಮನೆಯವರಿಗಾಗಿ ಪರದೇಶದ ಶಿಲುಬೆ ಹೊತ್ತ ವೀರಪುತ್ರಿ ಎಂದು ಹೊಗಳುತ್ತಾರಂತೆ, ನೀನು ಮುಂದಿನ ಸಾಲಿನಲ್ಲಿ ಕರವಸ್ತ್ರ ಒದ್ದೆ ಮಾಡಿಕೊಳ್ಳುತ್ತೀಯಂತೆ. ಅವರಿಗೆ ಹೇಳು, ನಾನು ಶಿಲುಬೆಯನ್ನೂ ಹೊತ್ತಿಲ್ಲ, ಮೂಟೆಯನ್ನೂ ಹೊತ್ತಿಲ್ಲ. ನಮಗೆ ಬೆಳ್ಳುಳ್ಳಿ ಗದ್ದೆ ಇತ್ತು, ಅಣ್ಣನ ಬಾಡಿಗೆ ಟ್ರೈಸಿಕಲ್ ಇತ್ತು, ಆರೋಗ್ಯ ಕೇಂದ್ರದಲ್ಲಿ ನನಗೆ ನರ್ಸ್ ಕೆಲಸ ಇತ್ತು. ಯಾರೂ ಉಪವಾಸ ಇರಲಿಲ್ಲ. ನಾನು ಹೊರಟದ್ದು ಯಾಕೆಂದು ನನಗೆ ಗೊತ್ತು, ನಿನಗೂ ಗೊತ್ತು. ಇಬ್ಬರೂ ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ. ಇವತ್ತು ಬಿಡುತ್ತೇನೆ.

ನಾನು ಹೊರಡುವ ಹಿಂದಿನ ವರ್ಷ ನಿನ್ನ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಮಾರ್ಚಿನಲ್ಲಿ ನೀನೇ ಕರೆದು, 'ಈ ಸಲ ಕಿರೀಟ ನಿಂದು' ಎಂದೆ. ನಾನು 'ಬೇಡಮ್ಮಾ' ಎಂದೆ. ನೀನು 'ತಗೋಳೇ' ಎಂದೆ. ನಾನು 'ಅಯ್ಯೋ, ನಂಗೆಲ್ಲಿ ಬರತ್ತೆ' ಎಂದೆ. ಮೂರನೆಯ ಸಲ ನೀನು ಗದರಿದೆ, ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಮರ್ಯಾದಸ್ಥರು ಒಪ್ಪಿಕೊಳ್ಳುವುದು ಹಾಗೇ ಅಲ್ಲವೇ. ಹತ್ತೊಂಬತ್ತು ವರ್ಷ ದೂತಿಯ ವೇಷ ಹಾಕಿ, 'ಮಹಾರಾಣೀ, ಶತ್ರುಗಳು ಕೋಟೆಯ ಬಾಗಿಲು ಮುರಿದರು!' ಎಂಬ ಒಂದೇ ಮಾತು ಹೇಳಿ ಒಳಗೆ ಹೋದವಳು ನಾನು. ನಮ್ಮ ಕಡೆ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ, ಪರದೆಯ ಹಿಂದಿನಿಂದ ಓದಿ ಹೇಳುವವನು ಹೇಳಿದ್ದನ್ನೇ ಕೂಗುತ್ತಾರೆ. ಆದರೆ ನನಗೆ ಅರ್ಮೆಲಿಂದಳ ಮೂರು ಅಂಕವೂ ಬಾಯಿಪಾಠ. ಹಬ್ಬದ ದಿನ ಬಣ್ಣ ಹಚ್ಚಿ, ಕಿರೀಟಕ್ಕೆ ಪಿನ್ನು ಚುಚ್ಚಿ ಕುಳಿತಿದ್ದೆ. ಆಗ ಅಣ್ಣನ ಟ್ರೈಸಿಕಲ್‌ನಲ್ಲಿ ನೀನು ಬಂದಿಳಿದೆ. 'ಜನ ನನ್ನ ಹೆಸರು ಕೂಗ್ತಿದ್ದಾರೆ ಮಗಳೇ. ಇದೊಂದು ವರ್ಷ ಕೊಟ್ಬಿಡು' ಎಂದು ಪಿನ್ನು ಸಮೇತ, ಕೂದಲು ಸಮೇತ ಕಿತ್ತುಕೊಂಡೆ. ನಾನು ಆ ಸಂಜೆ ಮತ್ತೆ ದೂತಿಯಾದೆ. ಶತ್ರುಗಳು ಬಾಗಿಲು ಮುರಿದರೆಂದು ಹೇಳಿದೆ. ನೀನು ಊದಿದ ಮಂಡಿಯಲ್ಲೇ ಕತ್ತಿವರಸೆ ಮಾಡಿದೆ, ಜನ ಎದ್ದು ನಿಂತು ಕೂಗಿದರು. ನಿಜ ಹೇಳುತ್ತೇನೆ, ನಾನೂ ಕೂಗಿದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಪರದೇಶದ ಕೆಲಸಕ್ಕೆ ಹೆಸರು ಬರೆಸಿದೆ. ಅಲ್ಲಿದ್ದವನು ಯಾವ ದೇಶ ಎಂದು ಕೇಳಿದಾಗ, 'ನಮ್ಮಮ್ಮನ ಧ್ವನಿ ಕೇಳದೇ ಇರೋದು ಯಾವುದಿದೆಯೋ ಅದು' ಎಂದೆ.

ಸಿಕ್ಕಿತು. ಯಾರ ಧ್ವನಿಯೂ ಕೇಳದ ದೇಶ! ಬಸ್ ನಿಲ್ದಾಣದಲ್ಲಿ ಒಬ್ಬರಿಂದ ಒಬ್ಬರು ಒಂದು ಎಮ್ಮೆ ನಿಲ್ಲುವಷ್ಟು ದೂರ ನಿಲ್ಲುತ್ತಾರೆ. ಲಿಫ್ಟಿನಲ್ಲಿ ಎಲ್ಲರೂ ತಂತಮ್ಮ ಬೂಟು ನೋಡುತ್ತಾರೆ. ಮೊದಲ ತಿಂಗಳು ನಾನು ಊಟದ ಡಬ್ಬಿ ಬಿಚ್ಚಿ, ನಮ್ಮ ಪದ್ಧತಿಯಂತೆ ಹಾದು ಹೋದವರನ್ನೆಲ್ಲ 'ಬನ್ನಿ, ಊಟ ಮಾಡೋಣ' ಎಂದು ಕರೆದೆ. ನಮ್ಮೂರಿನಲ್ಲಿ 'ಆಯ್ತು, ನೀವು ಮಾಡಿ' ಎಂದು ಹೋಗುತ್ತಾರೆ. ಇಲ್ಲಿ ಒಬ್ಬಾಕೆ ನಿಜವಾಗಿ ಬಂದು ಕುಳಿತು, ನನ್ನ ಅರ್ಧ ಹುಣಸೆ ಸಾರು ಕುಡಿದು, 'ಧನ್ಯವಾದ' ಎಂದು ಎದ್ದು ಹೋದಳು. ಬಟ್ಟೆಯ ಬೀರು ಎಲ್ಲಿ ಎಂದು ನಮ್ಮ ವೃದ್ಧರ ಮನೆಯ ಮುದುಕ ವೈನೊ ಕೇಳಿದಾಗ, ನಮ್ಮೂರಲ್ಲಿ ದಿಕ್ಕು ತೋರಿಸುವ ಹಾಗೇ ತುಟಿ ಮುಂದೆ ಮಾಡಿ ತೋರಿಸಿದೆ. ಅವನು ಮುತ್ತು ಕೊಡುತ್ತಾಳೆಂದುಕೊಂಡು ಕೆನ್ನೆ ಒಡ್ಡಿದ. ತೊಂಬತ್ತೊಂದು ವರ್ಷ, ಹಡಗಿನಲ್ಲಿ ದುಡಿದ ಮನುಷ್ಯ, ಎರಡೂ ಕಿವಿ ಮಂದ. ಕೊಟ್ಟೆ ಅಮ್ಮಾ, ಒಂದು ಮುತ್ತಿಗೆ ಏನು ಬರ!

ನಿನ್ನ ದೊಡ್ಡ ಮೂದಲಿಕೆ ನನಗೆ ಗೊತ್ತು. 'ನರ್ಸ್ ಓದ್ಸಿದ್ದು ಬಿಳೀ ಮುದುಕರ ಅಂಡು ತೊಳೆಯೋಕಾ?' ಎಂದು ಊರಿಗೆಲ್ಲ ಹೇಳುತ್ತೀಯೆ. ತೊಳೆಯುತ್ತೇನೆ. ಬೆಳಿಗ್ಗೆ ಏಳು ಜನರದ್ದು, ಸಂಜೆ ಐದು ಜನರದ್ದು. ಚೆನ್ನಾಗಿ ತೊಳೆಯುತ್ತೇನೆ, ಬಿಸಿನೀರು ಮೊಣಕೈಗೆ ತಾಗಿಸಿ ನೋಡಿ, ಅವರ ಹೆಸರು ಹಿಡಿದು ಕರೆದು, ನಾಚಿಕೆಯಾಗದಂತೆ ಟವೆಲು ಮುಚ್ಚಿ. ನಿನ್ನ ಅಂಡನ್ನೂ ಒಂದು ದಿನ ಯಾರೋ ತೊಳೆಯಬೇಕು ರಾಣೀ, ಅವರು ನನ್ನಷ್ಟು ಚೆನ್ನಾಗಿ ತೊಳೆಯಲಿ ಎಂದು ಬೇಡಿಕೋ. ಇನ್ನೂ ಒಂದು ಹೇಳುತ್ತೇನೆ ಕೇಳು. ಇಲ್ಲಿಯ ಸಿಬ್ಬಂದಿ ನನ್ನ ದನಿ ಜೋರಾಯಿತೆಂದು ಎರಡು ಸಲ ದೂರು ಕೊಟ್ಟರು. ಆದರೆ ಮುದುಕರು? ವರ್ಷಗಟ್ಟಲೆ ಪಿಸುಮಾತಿನ ನಡುವೆ ಬದುಕಿದ್ದ ಕಿವಿಮಂದರು ನಾನು 'ಶುಭೋದಯ!' ಎಂದರೆ ಹಾಸಿಗೆಯಲ್ಲಿ ಎದ್ದು ಕೂರುತ್ತಾರೆ. ಆ ದನಿ ಎಲ್ಲಿಂದ ಬಂತು? ಮೈಕಿಲ್ಲದ ರಂಗದಲ್ಲಿ, ಪಟಾಕಿಯ ನಡುವೆ, ಬ್ಯಾಂಡಿನ ಮೇಲೆ ಕೂಗಿದ ನಿನ್ನ ಗಂಟಲಿನಿಂದ ಬಂತು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಈಗ ನನ್ನ ದಡ್ಡತನದ ಕಥೆ. ಇಲ್ಲಿ ಯಾರಾದರೂ 'ಕಾಫಿ ಬೇಕಾ?' ಎಂದರೆ ನಾನು 'ಬೇಡ, ಪರವಾಗಿಲ್ಲ' ಎನ್ನುತ್ತಿದ್ದೆ. ಎರಡನೆಯ ಸಲ ಕೇಳುತ್ತಾರೆಂದು ಕಾಯುತ್ತಿದ್ದೆ. ಕೇಳುತ್ತಿರಲಿಲ್ಲ. ಜಗ್ಗು ನನ್ನನ್ನು ದಾಟಿ ಮುಂದೆ ಹೋಗುತ್ತಿತ್ತು. ಒಂದಿಡೀ ಚಳಿಗಾಲ, ಈ ಕಾಫಿಯ ದೇಶದಲ್ಲಿ, ನನಗೆ ಒಂದು ಲೋಟ ಕಾಫಿ ಸಿಗಲಿಲ್ಲ. ಇವರಿಗೆ ಹೃದಯವಿಲ್ಲ ಎಂದುಕೊಂಡೆ. ಇವರಿಗೆ ಇರುವುದು ಕಿವಿ, ಅಷ್ಟೇ: ಬೇಡವೆಂದರೆ ಬೇಡವೆಂದೇ ಕೇಳಿಸುತ್ತದೆ. ಕಾಫಿ ಹೋದರೆ ಹೋಗಲಿ. ಹೋದ ನವೆಂಬರಿನಲ್ಲಿ ನಮ್ಮ ಮೇಲಧಿಕಾರಿ ಸಿರ್ಪಾ ಕರೆದು ಕೂರಿಸಿ, 'ಒಂದು ಕಾಯಂ ಹುದ್ದೆ ಖಾಲಿಯಾಗುತ್ತಿದೆ. ನಿಮಗೆ ಬೇಕಾ?' ಎಂದಳು. ಅಮ್ಮಾ, ನನ್ನ ಎದೆ ನಗಾರಿ ಬಡಿಯಿತು. ಬಾಯಿ ಏನು ಹೇಳಿತು ಗೊತ್ತಾ? 'ಅಯ್ಯೋ ಬೇಡ, ನನಗಿಂತ ಒಳ್ಳೆಯವರಿದ್ದಾರೆ.' ಹೇಳಿ ತಲೆ ತಗ್ಗಿಸಿ, ಎರಡನೆಯ ಸಲಕ್ಕೆ ಕಾದೆ. ಸಿರ್ಪಾ 'ಸರಿ, ಹೇಳಿದ್ದಕ್ಕೆ ಧನ್ಯವಾದ' ಎಂದು ಬರೆದುಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು. ನಾನು ಎದ್ದು ಹೊರಗೆ ಬಂದೆ. ಎರಡು ವರ್ಷ ಕಲಿತ ಭಾಷೆ, ಸವೆಸಿದ ಬೂಟು, ನುಂಗಿದ ಚಳಿ, ಎಲ್ಲವನ್ನೂ ಒಂದು ಮರ್ಯಾದೆಯ ಮಾತಿಗೆ ಕೊಟ್ಟುಬಿಟ್ಟಿದ್ದೆ.

ರೋದಾ ಅಕ್ಕನಿಗೆ ಹೇಳಿದರೆ ಕೈಯಲ್ಲಿದ್ದ ಹಾಸಿಗೆ ಬಟ್ಟೆಯಿಂದಲೇ ನನಗೆ ಬಾರಿಸಿದಳು. 'ಹುಚ್ಚು ಮುಂಡೇದೇ! ಇಲ್ಲಿ ಒಂದೇ ಸಲ ಕೇಳೋದು ಕಣೇ! ನಿಮ್ಮಮ್ಮನ ಮನೆ ಅಂದ್ಕೊಂಡ್ಯಾ, ಗಲ್ಲ ಹಿಡಿದು ತಿನ್ಸೋಕೆ? ಹೋಗು, ಈಗ್ಲೇ ಹೋಗಿ ಬೇಕು ಅನ್ನು.' ಹೇಗೆ ಅನ್ನಲಿ? ಹುಟ್ಟಿದಾಗಿನಿಂದ ನನಗೆ ಯಾವುದನ್ನೂ ಬೇಕು ಎಂದು ಕೇಳಿ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಆ ಕಿರೀಟವನ್ನು ನೋಡಿದೆ, ಒಂದು ಸಲವಾದರೂ ನಿನ್ನ ಎದುರು ನಿಂತು 'ಅಮ್ಮಾ, ನನಗೆ ಅದು ಬೇಕು' ಎಂದೆನಾ? ಎಂದಿದ್ದರೆ ನೀನು ಕೊಡುತ್ತಿದ್ದೆಯೋ ಕಪಾಳಕ್ಕೆ ಹೊಡೆಯುತ್ತಿದ್ದೆಯೋ ನನಗೆ ಗೊತ್ತಿಲ್ಲ. ಒಂಬತ್ತು ದಿನ ಹೀಗೇ ಯೋಚಿಸಿದೆ. ಹತ್ತನೆಯ ದಿನ ಸೋಮವಾರ, ಸಿಬ್ಬಂದಿಯ ಕಾಫಿ ಸಭೆ. ಹದಿನಾಲ್ಕು ಜನ ಲೋಟ ನೋಡುತ್ತ ಕುಳಿತಿದ್ದಾರೆ. ನಾನು ಎದ್ದೆ. ಬಲಗಾಲು ಮುಂದೆ, ಎಡಗೈ ಸೊಂಟಕ್ಕೆ, ಗದ್ದ ಮೇಲೆ, ನೀನು ಎರಡನೇ ಅಂಕದಲ್ಲಿ ನಿಲ್ಲುವ ಹಾಗೇ. ನನ್ನ ಹರಕು ಫಿನ್ನಿಶ್‌ನಲ್ಲಿ ಗುಡುಗಿದೆ: 'ಸಿರ್ಪಾ! ಆ ಕೆಲಸ ನನಗೆ ಬೇಕು! ಮೊನ್ನೆ ಬೇಡ ಅಂದೆ. ಸುಳ್ಳು! ನಮ್ಮೂರಲ್ಲಿ ಮೊದಲನೇ ಬೇಡ ಅನ್ನೋದು ಬಾಗಿಲ ಚಿಲಕ ಅಷ್ಟೇ, ಬೀಗ ಅಲ್ಲ. ನೀವು ಚಿಲಕ ನೋಡಿ ವಾಪಸ್ ಹೋದ್ರಿ. ಈಗ ನಾನೇ ಬಾಗಿಲು ಒದ್ದು ಆಚೆ ಬಂದಿದೀನಿ. ಬೇಕು! ಬೇಕು! ಬೇಕು!'

ಯಾರದೋ ಚಮಚ ಕೆಳಗೆ ಬಿತ್ತು. ಅಷ್ಟರಲ್ಲಿ ಹೊರಗಿನ ಪಡಸಾಲೆಯಿಂದ ವೈನೊನ ಕೂಗು ಕೇಳಿಸಿತು: 'ಆ ಹುಡುಗಿಗೆ ಕೊಡ್ರಯ್ಯಾ! ಈ ಮನೇಲಿ ನನಗೆ ಕೇಳ್ಸೋ ಹಾಗೆ ಮಾತಾಡೋಳು ಅವಳೊಬ್ಳೇ!' ಸಿರ್ಪಾ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. 'ಹುದ್ದೆ ಆಗಲೇ ಪ್ರಕಟಣೆಗೆ ಹೋಗಿದೆ. ಎಲ್ಲರ ಹಾಗೆ ಅರ್ಜಿ ಹಾಕಿ. ಈಗ ನಿಮಗೆ ಬೇಕು ಅಂತ ಗೊತ್ತಾಯಿತು, ಅದು ಒಳ್ಳೆಯದು' ಎಂದಳು. ಆಮೇಲೆ ಜಗ್ಗು ಎತ್ತಿ, 'ಕಾಫಿ?' ಎಂದಳು. 'ಬೇಕು' ಎಂದೆ. ಹನ್ನೊಂದು ಜನ ಅರ್ಜಿ ಹಾಕಿದ್ದರು. ಭಾಷೆಯ ಪರೀಕ್ಷೆ, ಕೆಲಸದ ಪರೀಕ್ಷೆ, ಎರಡು ಸಂದರ್ಶನ. ಯಾರೂ ನನಗೆ ದಯೆ ತೋರಿಸಲಿಲ್ಲ, ಅದೇ ನನ್ನ ಹೆಮ್ಮೆ. ಹೋದ ಶುಕ್ರವಾರ ಕಾಗದ ಬಂತು: ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಭಾನುವಾರ ನಿನ್ನ ಕಿರೀಟ ಬಂತು. ಮೂವತ್ತೇಳು ವರ್ಷ ಏನೂ ಸಿಗಲಿಲ್ಲ, ಒಂದೇ ವಾರದಲ್ಲಿ ಎರಡೂ ಸಿಕ್ಕವು. ಈ ನಾಟಕ ಬರೆದವನು ಯಾವನೋ, ಕೈಗೆ ಸಿಕ್ಕಿದರೆ ಅವನ ಲೇಖನಿ ಮುರಿಯುತ್ತಿದ್ದೆ.

ನನಗೆ ಕಿರೀಟ ಬೇಡವೆಂದು ಸುಳ್ಳು ಹೇಳುವುದಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದೆ. ನಿನಗಿಂತ ನನಗೇ ಚೆನ್ನಾಗಿ ಕೂರುತ್ತದೆ, ಸಿಟ್ಟು ಮಾಡಿಕೋ. ಮೊದಲ ಅಂಕ ಪೂರ್ತಿ ಹೇಳಿದೆ, ಒಂದು ಮಾತೂ ತಪ್ಪಲಿಲ್ಲ. ಆಮೇಲೆ ಬಚ್ಚಲಿನ ಕಟ್ಟೆಯ ಮೇಲೆ ಕುಳಿತು ಅತ್ತೆ. ಈ ಕಿರೀಟವನ್ನು ನೀನು ಮೂರು ವರ್ಷದ ಹಿಂದೆ ನನ್ನ ತಲೆಯ ಮೇಲೇ ಬಿಟ್ಟಿದ್ದರೆ ನಾನು ಇವತ್ತು ನಮ್ಮೂರು ಸಾನ್ ಲಿನೊದಲ್ಲೇ ಇರುತ್ತಿದ್ದೆ, ಸಂತೋಷವಾಗಿಯೇ ಇರುತ್ತಿದ್ದೆ. ಈಗ ಅದನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಿದ್ದೀಯೆ. ನಾನು ಮೀನಲ್ಲ ಅಮ್ಮಾ. ಕೊಡುವುದಾದರೆ ಕೊಡು, ಎಳೆಯುವುದಾದರೆ ಎಳೆ, ಎರಡನ್ನೂ ಒಂದೇ ಕೈಯಲ್ಲಿ ಮಾಡಬೇಡ. ನಿನಗೆ ವಯಸ್ಸಾಯಿತು, ಭಯವಾಗುತ್ತಿದೆ, ಮಗಳು ಪಕ್ಕದಲ್ಲಿರಲಿ ಅನ್ನಿಸುತ್ತಿದೆ. ಅದನ್ನು ಅಷ್ಟೇ ಸರಳವಾಗಿ ಒಂದು ಸಾಲು ಬರೆದಿದ್ದರೆ ನಾನು ಇನ್ನೂ ಹೆಚ್ಚು ಒದ್ದಾಡುತ್ತಿದ್ದೆ. ನೀನು ಬರೆಯಲಿಲ್ಲ. ನಾವಿಬ್ಬರೂ ಒಂದೇ ಜಾತಿ, ಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕೂಗಿ ಹೇಳುತ್ತೇವೆ.

ಉತ್ತರ ಕೇಳಬೇಡ. ಶುಕ್ರವಾರದವರೆಗೆ ಸಮಯವಿದೆ, ಅಷ್ಟನ್ನೂ ತೆಗೆದುಕೊಳ್ಳುತ್ತೇನೆ. ಅಣ್ಣನಿಗೆ, ಅತ್ತಿಗೆಗೆ, ಮಕ್ಕಳಿಗೆ ನನ್ನ ಪ್ರೀತಿ. ಮೂರು ಜನ ಚಿಕ್ಕಮ್ಮಂದಿರಿಗೂ ನಮಸ್ಕಾರ, ತಡವಾಗಿ ಬಂದವಳಿಗೆ ಒಂದು ಹೆಚ್ಚು. ಊರ ಸಂತ ನಿನ್ನ ಮಂಡಿಯನ್ನೂ ಗಂಟಲನ್ನೂ ಕಾಯಲಿ. ಏಣಿ ಹತ್ತಬೇಡ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ ಹಟಮಾರಿ,
ಸಿಮಾಂಗ್

ಮರೆತದ್ದು, ಶುಕ್ರವಾರ ಎರಡೂವರೆ, ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು: ಸಹಿ ಹಾಕಿ ಈಗಷ್ಟೇ ಬಂದೆ. ಕಿರೀಟ ವಾಪಸ್ ಬರುವುದಿಲ್ಲ. ಷರತ್ತು ನಿನ್ನದು, ಅದನ್ನು ಹಿಂದಕ್ಕೆ ಕಳಿಸಿದ್ದೇನೆ. ಕಿರೀಟ ನನ್ನದು, ಇಟ್ಟುಕೊಂಡಿದ್ದೇನೆ. ನಿನ್ನೆ ಮಧ್ಯಾಹ್ನ ಊಟದ ಕೋಣೆಯಲ್ಲಿ, ಹದಿನೇಳು ಗಾಲಿಕುರ್ಚಿಗಳ ಮುಂದೆ ಅರ್ಮೆಲಿಂದಳ ಮೂರನೇ ಅಂಕ ಆಡಿದೆ, ನಮ್ಮ ಭಾಷೆಯಲ್ಲೇ, ಊರುಗೋಲನ್ನೇ ಕತ್ತಿ ಮಾಡಿಕೊಂಡು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಇಬ್ಬರು ನಿದ್ದೆ ಹೋದರು. ವೈನೊ ಮಾತ್ರ ಕೊನೆಯವರೆಗೆ ನೋಡಿ, 'ರಾಣಿ ಗೆದ್ದಳಾ?' ಎಂದ. 'ಗೆದ್ದಳು' ಎಂದೆ. ನಿನ್ನ ಹಾಗೆ ಆಡಲಿಲ್ಲ, ನನ್ನ ಹಾಗೆ ಆಡಿದೆ. ಬೇರೆ ಪಾರ್ಸೆಲ್ಲಿನಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದು ಬರುತ್ತಿದೆ. ಬಿಸ್ಕತ್ತು ಅಣ್ಣನ ಮಕ್ಕಳಿಗೆ, ಡಬ್ಬಿ ನಿನಗೆ. ಅಜ್ಜಿ ಈ ಕಿರೀಟವನ್ನು ಕತ್ತರಿಸಿದ್ದೂ ಅಂಥದ್ದೇ ಡಬ್ಬಿಯಿಂದ, ಒಳಗಡೆ ಕಂಪನಿಯ ಅಕ್ಷರಗಳು ಇನ್ನೂ ಇವೆ. ತಗಡು ಕತ್ತರಿ ಅಣ್ಣನ ಟ್ರೈಸಿಕಲ್ ಸೀಟಿನ ಕೆಳಗಿದೆ. ಈ ಸಲವೂ ರಾಣಿ ನೀನೇ, ಬೇರೆ ಯಾರಿಗೂ ಕೊಡಬೇಡ. ಹಬ್ಬಕ್ಕೆ ಇನ್ನೂ ಹನ್ನೊಂದು ವಾರವಿದೆ. ಶುರು ಮಾಡು.